ಜಾಗೆ ಇಜ್ಜಿ

ಮಂಗಳೂರಿನ ಸಿಟಿ ಬಸ್ಸು ತುಂಬಿದೆಯೆಂದು ಇವತ್ತಿನವರೆಗೆ ಯಾವ ಕಂಡಕ್ಟರನೂ ಒಪ್ಪಿಕೊಂಡದ್ದಿಲ್ಲ. ಸ್ಟೇಟ್‌ಬ್ಯಾಂಕಿನಿಂದ ಹೊರಟ ಬಸ್ಸು ಹಂಪನಕಟ್ಟೆ ದಾಟುವಷ್ಟರಲ್ಲಿ ನಿಂತವರ ಮೊಣಕೈ ಕೂತವರ ಕಿವಿಗೆ ತಾಗುತ್ತಿರುತ್ತದೆ. ಜ್ಯೋತಿಯಲ್ಲಿ ಇನ್ನೊಂದು ಹಿಂಡು ಹತ್ತುತ್ತದೆ. ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ಒಂಟಿಕಾಲಲ್ಲಿ ನಿಂತು "ದುಂಬು ಪೋಲೆ, ದುಂಬು ಪೋಲೆ, ನಡುಟು ಜಾಗೆ ಉಂಡು" ಎಂದು ಕೂಗುತ್ತಲೇ ಇರುತ್ತಾನೆ. ಮುಂದೆ ಹೋಗಲಿಕ್ಕೆ ದಾರಿ ಇಲ್ಲ, ನಡುವೆ ಜಾಗವೂ ಇಲ್ಲ. ಆದರೂ ನಾವು ಹೋಗುತ್ತೇವೆ, ಜಾಗವೂ ಆಗುತ್ತದೆ. ಇಂಥ ಊರಲ್ಲಿ ಬೆಳೆದವನಿಗೆ ಯೂನಿಕ್ಸ್ ಸರ್ವರ್ ನೋಡಿಕೊಳ್ಳುವ ಕೆಲಸ ಸಿಕ್ಕಿದರೆ ಮೊದಲ ಪೆಟ್ಟು ಬೀಳುವುದು ಇಲ್ಲಿಯೇ. ಯೂನಿಕ್ಸಿಗೆ ದಾಕ್ಷಿಣ್ಯ ಎಂಬುದಿಲ್ಲ. ತುಂಬಿದರೆ ತುಂಬಿತು. "ಜಾಗ ಉಳಿದಿಲ್ಲ" ಎಂದು ಒಂದು ಸಾಲು, ಅದರ ಹಿಂದೆ 28 ಎಂಬ ದೋಷಸಂಖ್ಯೆ. ಅಲ್ಲಿಗೆ ಮಾತು ಮುಗಿಯಿತು. ತುಳುವಿನಲ್ಲಿ ಹೇಳುವುದಾದರೆ, ಜಾಗೆ ಇಜ್ಜಿ.

ಲಿನಕ್ಸಿನ ಎಕ್ಸ್‌ಟಿ4 ಎಂಬ ಫೈಲ್‌ಸಿಸ್ಟಂ ಮಾತ್ರ ಸ್ವಲ್ಪ ಬುದ್ಧಿವಂತ. ನೂರರಲ್ಲಿ ಐದು ಪಾಲನ್ನು ರೂಟ್ ಎಂಬ ಯಜಮಾನನಿಗೆಂದೇ ತೆಗೆದಿಟ್ಟು ಉಳಿದವರಿಗೆ ತುಂಬಿದೆಯೆಂದು ಹೇಳುತ್ತದೆ. ಬಸ್ಸಿನಲ್ಲೂ ಡ್ರೈವರ್ ಸೀಟಿಗೆ ಯಾರೂ ಕೈ ಹಾಕುವುದಿಲ್ಲವಲ್ಲ.

ಸರ್ವರಿನಲ್ಲಿ ತುಂಬುವುದಕ್ಕೆ ಜಾಗಗಳು ಹಲವು. ಗಿರಾಕಿಗಳ ಲೆಕ್ಕ ಇಡುವ ಡಿಸ್ಕು ತುಂಬಿದರೆ ಆ ಒಂದು ಲೆಕ್ಕ ನಿಲ್ಲುತ್ತದೆ. ಬೈಗುಳ ಬರುತ್ತದೆ, ಅಷ್ಟೆ. ಆದರೆ ಯಂತ್ರ ತನ್ನ ಸ್ವಂತ ಬುದ್ಧಿಯನ್ನು ಇಟ್ಟುಕೊಳ್ಳುವ ಜಾಗವೊಂದುಂಟು, ಸಿಸ್ಟಮಿನ ಬುಡ. ಅದರ ಹೆಸರು ಬರೀ ಒಂದು ಓರೆಗೆರೆ. ನಾವು ಸ್ಲ್ಯಾಷ್ ಅನ್ನುತ್ತೇವೆ. ಅದು ತುಂಬಿತೋ, ಯಂತ್ರಕ್ಕೆ ಮರುಳು ಹಿಡಿಯುತ್ತದೆ. ಒಳಗೆ ಬರಲಿಕ್ಕೆ ಬಿಡುವುದಿಲ್ಲ, ಬಂದವರ ಮಾತು ಕೇಳುವುದಿಲ್ಲ. ತನಗೇನಾಗಿದೆ ಎಂದು ಬರೆದಿಡೋಣವೆಂದರೆ ಬರೆಯಲಿಕ್ಕೂ ಅದಕ್ಕೆ ಜಾಗ ಇರುವುದಿಲ್ಲ.

ತಮಾಷೆಯೆಂದರೆ ಇದು ಯಾವತ್ತೂ ಇದ್ದಕ್ಕಿದ್ದ ಹಾಗೆ ಆಗುವುದಲ್ಲ. ನೂರರಲ್ಲಿ ಎಂಬತ್ತು ತುಂಬಿದಾಗ ಒಂದು ಮೇಲ್, ತೊಂಬತ್ತಕ್ಕೆ ಇನ್ನೊಂದು. ತೊಂಬತ್ತೊಂಬತ್ತಕ್ಕೆ ಬಂದಾಗ ನಮ್ಮವರು ಹೇಳುವುದು, "ಇನ್ನೂ ಒಂದು ಉಂಟಲ್ಲ ಮಾರಾಯ್ರೆ."

ನಮ್ಮ ಆಫೀಸು ಬಲ್ಮಠದ ಕಡೆ. ಹೆಸರು ಬೇಡ, ಸಂಬಳ ಬರುವ ಜಾಗ. ಅಲ್ಲಿ ಐಬಿಎಂನ ಎಐಎಕ್ಸ್ ಎಂಬ ಯೂನಿಕ್ಸ್ ಓಡುವ ಹಳೆಯ ಸರ್ವರೊಂದುಂಟು. ಮೇ ತಿಂಗಳಲ್ಲಿ ಆ ಸರ್ವರ್ ಕೋಣೆಯ ಮೇಲೆ ಇಡೀ ಆಫೀಸಿಗೆ ಹುಟ್ಟುವ ಭಕ್ತಿಯನ್ನು ಹೇಳಿ ಪೂರೈಸದು. ಕಡಲ ಸೆಕೆಗೆ ಅಂಗಿ ಬೆನ್ನಿಗಂಟಿದ ಅಕೌಂಟ್ಸ್ ವಿಭಾಗದವರು "ಒಂದು ಕೇಬಲ್ ನೋಡಿ ಹೋಗುವ" ಎಂದು ಬಂದು ಅರ್ಧ ಗಂಟೆ ನೋಡುತ್ತಾರೆ. ಕೇಬಲ್ಲಿಗೂ ಅವರಿಗೂ ಏನೇನೂ ಸಂಬಂಧ ಇಲ್ಲ.

ಅದೇ ಮೇ ತಿಂಗಳು, ಪತ್ತನಾಜೆಗೆ ಮೊದಲಿನ ಶನಿವಾರ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಮುಂಚೆ ಒಂದಾದರೂ ಆಟ ನೋಡಬೇಕೆಂದು ನಾನು ದೇವಿಮಹಾತ್ಮೆಗೆ ಹೋಗಿ ಕೂತಿದ್ದೆ. ನಡುರಾತ್ರಿ ಕಳೆದಿತ್ತು. ಮಹಿಷಾಸುರ ಪ್ರೇಕ್ಷಕರ ಹಿಂದಿನಿಂದ ಸೂಟೆಯ ಬೆಳಕಿನಲ್ಲಿ ಅಬ್ಬರಿಸುತ್ತ ಬರುವ ಹೊತ್ತು. ಆಗ ಫೋನು. ನೈಟ್ ಶಿಫ್ಟಿನ ಹುಡುಗ. "ಸರ್, ಲಾಗಿನ್ ಆಗ್ತಾ ಇಲ್ಲ. ಸ್ಲ್ಯಾಷ್ ನೂರು ತೋರಿಸ್ತದೆ." ಹಿಂದೆ ಚೆಂಡೆ, ಮುಂದೆ ಕೋಣ, ಕಿವಿಯಲ್ಲಿ ನೂರು. ಎದ್ದು ಹೊರಟೆ. ದಾರಿ ಬಿಟ್ಟುಕೊಟ್ಟ ಪ್ರೇಕ್ಷಕರು ನನ್ನನ್ನು ಅಸುರನ ಬಲದವನೆಂದು ತಿಳಿದಿರಲಿಕ್ಕೂ ಸಾಕು.

ಆಫೀಸಿನ ಕನ್ಸೋಲಿನಲ್ಲಿ ಮೊದಲೇ ತೆರೆದಿಟ್ಟ ರೂಟ್ ಲಾಗಿನ್ ಒಂದಿತ್ತು, ಬಚಾವ್. ಇಂಥ ಹೊತ್ತಿನಲ್ಲಿ ಹೊಡೆಯುವ ಆಜ್ಞೆಗಳು ಎರಡೇ. ಎಷ್ಟು ತುಂಬಿದೆ ಎಂದು ಹೇಳುವುದು ಡಿಎಫ್, ಯಾರು ತುಂಬಿದ್ದು ಎಂದು ಹೇಳುವುದು ಡಿಯು. ಎರಡೂ ನೋಡಿ ಆಮೇಲೆ ಅನುಭವಸ್ಥರು ಮೂಗು ಹಾಕುವ ಒಂದು ಜಾಗ ಉಂಟು, ಡೆವ್ ಎಂಬ ಡೈರೆಕ್ಟರಿ. ಅಲ್ಲಿ ಫೈಲುಗಳು ಇರಬಾರದು, ಬರೀ ಸಾಧನಗಳ ಹೆಸರುಗಳಿರಬೇಕು: ಡಿಸ್ಕಿಗೊಂದು, ಟರ್ಮಿನಲ್ಲಿಗೊಂದು, ಟೇಪಿಗೊಂದು. ಟೇಪಿನ ಹೆಸರು ಆರ್‌ಎಂಟಿ ಸೊನ್ನೆ. ಆ ಹೆಸರಿಗೆ ಬರೆದದ್ದೆಲ್ಲ ಟೇಪಿಗೆ ಹೋಗುತ್ತದೆ. ನಮ್ಮ ಹುಡುಗ ಬ್ಯಾಕಪ್ ತೆಗೆಯುವಾಗ ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ ಒತ್ತಿದ್ದ. ಆ ಹೆಸರಿನ ಟೇಪು ಇಲ್ಲ. ಬೇರೆ ಯಾರಾದರೂ ಆಗಿದ್ದರೆ "ನಿಮಗೆ ಬೇಕಾದ್ದು ಸೊನ್ನೆಯಾ?" ಎಂದು ಕೇಳುತ್ತಿದ್ದರು. ಯೂನಿಕ್ಸ್ ಕೇಳುವ ಜಾತಿಯಲ್ಲ. ಆ ಹೆಸರಿನಲ್ಲಿ ತಾನೇ ಒಂದು ಮಾಮೂಲಿ ಫೈಲು ಸೃಷ್ಟಿಸಿ, ಇಡೀ ಬ್ಯಾಕಪ್ಪನ್ನು ಸ್ಲ್ಯಾಷಿನ ಹೊಟ್ಟೆಗೆ ಸುರಿಯತೊಡಗಿತು. ಸ್ಲ್ಯಾಷ್ ಇದ್ದದ್ದೇ ಒಂದು ಗಿಗಾಬೈಟು. ಹೊಟ್ಟೆ ತುಂಬಿದ ಮೇಲೆ 28.

ಇದು ಜಗತ್ತಿನ ಯೂನಿಕ್ಸ್ ಕೋಣೆಗಳಲ್ಲೆಲ್ಲ ನಡೆದುಬಂದ ಹಳೆಯ ಕಥೆ, ಹುಡುಗನನ್ನು ಬೈದು ಪ್ರಯೋಜನ ಇಲ್ಲ. ಆ ಫೈಲನ್ನು ಅಳಿಸಿದರೆ ಆಟ ಮುಗಿಯಿತು. ನಾನು ಹೋಗಿ ಚಂಡಮುಂಡರನ್ನಾದರೂ ನೋಡಬಹುದಿತ್ತು. ಆದರೆ ಅಳಿಸಲಿಕ್ಕೆ ಅನುಮತಿ ಬೇಕು. ನಿದ್ದೆಯಲ್ಲಿದ್ದ ಮೇಲಧಿಕಾರಿಗೆ ಫೋನು ಮಾಡಿದೆ.

"ಅಳಿಸ್ಲಿಕ್ಕೆ ಹೋಗ್ಬೇಡಿ. ಯಾರದ್ದೋ ಏನೋ."

"ಯಾರದ್ದೂ ಅಲ್ಲ ಸರ್. ಅರ್ಧಕ್ಕೆ ನಿಂತ ಬ್ಯಾಕಪ್ಪು."

"ಅರ್ಧವಾದರೂ ಉಂಟಲ್ಲ? ಇರ್ಲಿ. ನಾಳೆ ಬೇಕು ಅಂದ್ರೆ? ನೀವು ಜಾಗ ದೊಡ್ಡದು ಮಾಡಿ."

ತುರ್ತು ಬದಲಾವಣೆಯ ಫಾರ್ಮಿನಲ್ಲಿಯೂ ಹಾಗೆಯೇ ಇತ್ತು. ವಿಸ್ತರಣೆಗೆ ಒಂದು ಕಾಲಂ ಉಂಟು. ಅಳಿಸುವಿಕೆಗೆ ಕಾಲಂ ಇಲ್ಲ. ಅದಕ್ಕೆ ಬೇರೆ ಫಾರ್ಮು, ಬೇರೆ ಸಹಿ, ಮತ್ತು ಆ ಬೇರೆ ಸಹಿಯವರು ರಜೆಯಲ್ಲಿ.

ಆದರೆ ಬಾಯಿವರೆಗೆ ತುಂಬಿದ ಸ್ಲ್ಯಾಷನ್ನು ಹಾಗೆಯೇ ದೊಡ್ಡದು ಮಾಡಲು ಹೊರಡುವುದು ಕ್ಷೇಮವಲ್ಲ. ಎಐಎಕ್ಸ್ ತನ್ನ ಡಿಸ್ಕುಗಳ ಲೆಕ್ಕವನ್ನು ಬರೆದಿಡುವ ಪುಸ್ತಕ ಇರುವುದು ಅದೇ ಸ್ಲ್ಯಾಷಿನ ಒಳಗೆ. ದೊಡ್ಡದಾಯಿತು ಎಂದು ಬರೆಯಲಿಕ್ಕೆ ಜಾಗ ಇಲ್ಲದಿದ್ದರೆ ಪುಸ್ತಕವೇ ಕೆಟ್ಟೀತು. ಇದು ಎಐಎಕ್ಸಿನದ್ದೊಂದೇ ಗುಣವಲ್ಲ. ಕ್ಲೌಡಿನ ಲಿನಕ್ಸ್ ಯಂತ್ರಗಳಲ್ಲಿ ಡಿಸ್ಕಿನ ಭಾಗವನ್ನು ಬೆಳೆಸುವ ಗ್ರೋಪಾರ್ಟ್ ಎಂಬ ಆಜ್ಞೆಗೆ ಮೊದಲು ಟೆಂಪ್ ಡೈರೆಕ್ಟರಿಯಲ್ಲಿ ಕೂರಲು ಒಂದಿಷ್ಟು ಜಾಗ ಬೇಕು; ಡಿಸ್ಕು ಪೂರ್ತಿ ತುಂಬಿದ್ದರೆ "ಜಾಗ ಇಲ್ಲ" ಎಂದು ಅದೂ ಕೈಚೆಲ್ಲುತ್ತದೆ. ಜಾಗ ಕೇಳುವ ಅರ್ಜಿ ಇಡಲಿಕ್ಕೂ ಜಾಗ ಬೇಕು! ನಮ್ಮ ಯಾವ ಸರಕಾರಿ ಕಚೇರಿಯೂ ಇಷ್ಟು ಪರಿಪೂರ್ಣವಾದ ನಿಯಮವನ್ನು ಇನ್ನೂ ಕಂಡುಹಿಡಿದಿಲ್ಲ.

ದಾರಿ ಇತ್ತು. ಎಐಎಕ್ಸಿನಲ್ಲಿ ರೂಟ್ ಎಂಬವನ ಮನೆ ಸ್ಲ್ಯಾಷೇ. ಸ್ಮಿಟ್ ಎಂಬ ಮೆನುವಿನಲ್ಲಿ ಅವನು ಮಾಡಿದ್ದೆಲ್ಲ ಸ್ಮಿಟ್ ಲಾಗ್ ಎಂಬ ಫೈಲಿನಲ್ಲಿ ಅಲ್ಲಿಯೇ ಸೇರುತ್ತ ಹೋಗುತ್ತದೆ, ವರ್ಷಗಟ್ಟಲೆ. ಅದನ್ನು ಬರಿದು ಮಾಡಿದೆ. ಅನುಮತಿ ಕೇಳಲಿಲ್ಲ. ಅದು ಅಲ್ಲಿ ಉಂಟೆಂದು ಯಾರಿಗೂ ಗೊತ್ತಿರದ ಕಾರಣ ಅನುಮತಿ ಕೊಡುವವರೂ ಇರಲಿಲ್ಲ.

ಇನ್ನು ವಿಸ್ತರಣೆ. ಎಲ್‌ಎಸ್‌ವಿಜಿ ಎಂಬ ಆಜ್ಞೆ ಹೊಡೆದು, ಸ್ಲ್ಯಾಷ್ ಇರುವ ರೂಟ್‌ವಿಜಿ ಎಂಬ ಡಿಸ್ಕುಗಳ ಗುಂಪಿನಲ್ಲಿ ಬಿಡಿ ಪಾರ್ಟಿಷನ್ ಉಂಟಾ ಎಂದು ನೋಡಿದೆ. ಬೇಕಾದಷ್ಟಿತ್ತು. ಸಿಎಚ್‌ಎಫ್‌ಎಸ್ ಎಂಬ ಆಜ್ಞೆಗೆ ಸೈಜ್ ಪ್ಲಸ್ ಒಂದು ಜಿ ಎಂದು ಹೇಳಿ ಎಂಟರ್ ಒತ್ತಿದೆ. ಯಂತ್ರ ನಿಲ್ಲಲಿಲ್ಲ, ಯಾರನ್ನೂ ಇಳಿಸಲಿಲ್ಲ. ಹುಡುಗ ಎರಡನೆ ಆಕಳಿಕೆ ಮುಗಿಸುವುದರೊಳಗೆ ಉತ್ತರ ಬಂತು: ಫೈಲ್‌ಸಿಸ್ಟಮಿನ ಗಾತ್ರ 4194304. ಎಐಎಕ್ಸ್ ಎಣಿಸುವುದು 512 ಬೈಟಿನ ತುಂಡುಗಳಲ್ಲಿ. ಎರಡು ಗಿಗಾಬೈಟ್ ಎಂದು ಹೇಳಿದರೆ ಅದಕ್ಕೆ ಸಮಾಧಾನ ಇಲ್ಲ. ಮರುದಿನ ವರದಿಯಲ್ಲಿ ನಲವತ್ತೊಂದು ಲಕ್ಷ ಚಿಲ್ಲರೆ ನೋಡಿದ ಮೇಲಧಿಕಾರಿಗೆ ಭಾರೀ ಸಂತೋಷವಾಯಿತು. "ಇನ್ನು ಹತ್ತು ವರ್ಷ ತೊಂದರೆ ಇಲ್ಲ ಅಲ್ವಾ?" ಎಂದರು.

ಇಷ್ಟು ಸುಲಭವಾದದ್ದೇ ತೊಂದರೆ. ಹಿಂದೆ ಎಚ್‌ಪಿಯ ಯೂನಿಕ್ಸಿನಲ್ಲಿ ಓಡುತ್ತಿರುವಾಗಲೇ ಬೆಳೆಸಬೇಕಾದರೆ ಆನ್‌ಲೈನ್ ಜೆಎಫ್‌ಎಸ್ ಎಂಬುದಕ್ಕೆ ಪ್ರತ್ಯೇಕ ಲೈಸೆನ್ಸ್ ಕೊಳ್ಳಬೇಕಿತ್ತು. ಕೊಳ್ಳದವರು ಫೈಲ್‌ಸಿಸ್ಟಮನ್ನು ಕಳಚಿ ಬೆಳೆಸಬೇಕು. ಸ್ಲ್ಯಾಷನ್ನಂತೂ ಓಡುವಾಗ ಕಳಚುವಂತೆಯೇ ಇಲ್ಲ, ಕೂತ ಕೊಂಬೆ ಅದು. ಆದ್ದರಿಂದ ಜನ ಮೊದಲು ಕಸ ಹುಡುಕಿ ಅಳಿಸುತ್ತಿದ್ದರು. ಬೆಳೆಸುವುದು ಕಷ್ಟವಿದ್ದಾಗ ಗುಡಿಸುವವರಿದ್ದರು. ಒಂದು ಸಾಲಿಗೆ ಬೆಳೆಯತೊಡಗಿದ ಮೇಲೆ ಪೊರಕೆ ಹಿಡಿದವರನ್ನು ನಾನು ಕಾಣಲಿಲ್ಲ. ಮತ್ತೆ, ಬೆಳೆದದ್ದು ಎಲ್ಲ ಕಡೆ ಕುಗ್ಗುವುದೂ ಇಲ್ಲ. ಎಐಎಕ್ಸ್ 2004ರ 5.3ನೆಯ ಆವೃತ್ತಿಯಿಂದ ಕುಗ್ಗಿಸಲು ಬಿಡುತ್ತದೆ. ಲಿನಕ್ಸಿನಲ್ಲಿ ಜನಪ್ರಿಯವಾದ ಎಕ್ಸ್‌ಎಫ್‌ಎಸ್‌ಗೆ ಬಹುಪಾಲು ಬೆಳೆಯುವುದೊಂದೇ ಗೊತ್ತು.

ಜಾಗ ಸಾಲದ ಈ ರೋಗ ಯೂನಿಕ್ಸಿಗೆ ಹುಟ್ಟಿನಿಂದಲೇ ಬಂದದ್ದು. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ಕಟ್ಟುತ್ತಿದ್ದಾಗ ಪಿಡಿಪಿ-11ರ ಡಿಸ್ಕು ಇವತ್ತಿನ ಮೊಬೈಲಿನ ಒಂದು ಫೋಟೋ ಹಿಡಿಸಲಿಕ್ಕೂ ತಿಣುಕುವಷ್ಟು ಸಣ್ಣದು. ಸಿಸ್ಟಮು ಮೊದಲ ಡಿಸ್ಕಿನಿಂದ ಉಕ್ಕಿತು. ಪಕ್ಕದ ಡಿಸ್ಕಿನಲ್ಲಿ ಬಳಕೆದಾರರ ಮನೆಗಳಿದ್ದವು, ಯುಎಸ್ಆರ್ ಎಂಬ ಹೆಸರಿನಲ್ಲಿ. ಸಿಸ್ಟಮು ಅಲ್ಲಿಗೆ ನುಗ್ಗಿ ಬಿಡಾರ ಹೂಡಿತು. ಕೊನೆಗೆ ಬಳಕೆದಾರರೇ ಹೊರಗೆ ಹೋಗಿ ಹೋಮ್ ಎಂದು ಬೇರೆ ಮನೆ ಮಾಡಿಕೊಂಡರು. ಆಜ್ಞೆಗಳು ಎರಡು ಕಡೆ ಹಂಚಿಹೋದ ಆ ಗೊಂದಲವನ್ನು ಸರಿಮಾಡಿ ಒಂದೇ ಕಡೆ ಸೇರಿಸಲು ಫೆಡೋರಾ ಎಂಬ ಲಿನಕ್ಸಿನವರಿಗೆ 2012 ಬಂತು. ಜಾಗ ಸಾಲದೆ ರಾತ್ರೋರಾತ್ರಿ ಮಾಡಿದ ಏರ್ಪಾಡು ನಲವತ್ತು ವರ್ಷ ಶಾಸ್ತ್ರವಾಗಿ ನಡೆಯಿತು. ಅದಕ್ಕೆ ತತ್ವಾರ್ಥ ಹೇಳುವ ಉಪನ್ಯಾಸಕರನ್ನೂ ನಾನು ಕೇಳಿದ್ದೇನೆ.

ಆದರೆ ಏನನ್ನೂ ಅಳಿಸಬಾರದೆಂಬ ಹಟ ನಮ್ಮ ಮಣ್ಣಿನಲ್ಲೇ ಉಂಟೋ ಎಂದು ನನ್ನ ಸಂಶಯ. ಅವಿಭಜಿತ ದಕ್ಷಿಣ ಕನ್ನಡ ಬ್ಯಾಂಕುಗಳ ತೊಟ್ಟಿಲು. 1906 ಒಂದೇ ವರ್ಷ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು. 1924ಕ್ಕೆ ಕರ್ಣಾಟಕ ಬ್ಯಾಂಕು, 1925ಕ್ಕೆ ಸಿಂಡಿಕೇಟ್, 1931ಕ್ಕೆ ವಿಜಯಾ. ಲೆಡ್ಜರಿನ ಹಾಳೆ ಹರಿಯುವುದು ಮಹಾಪಾಪವೆಂದು ತಿಳಿದ ಅಜ್ಜಂದಿರ ಮೊಮ್ಮಕ್ಕಳು ನಾವು. ರಬ್ಬರು ಹಿಡಿದರೆ ಕೈ ನಡುಗುತ್ತದೆ. ಇಲ್ಲಿ ಅಳಿಸಿಹೋದದ್ದು ಏನಾದರೂ ಇದ್ದರೆ ಆ ಬ್ಯಾಂಕುಗಳ ಹೆಸರುಗಳು: 2019ರ ಏಪ್ರಿಲ್ ಒಂದಕ್ಕೆ ವಿಜಯಾ ಹೋಗಿ ಬರೋಡಾಕ್ಕೆ ಸೇರಿತು, 2020ರ ಏಪ್ರಿಲ್ ಒಂದಕ್ಕೆ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಅದನ್ನೂ ಅಳಿಸಿದ್ದು ನಾವಲ್ಲ, ದಿಲ್ಲಿಯವರು. ಅವರ ಫಾರ್ಮಿನಲ್ಲಿ ಆ ಕಾಲಂ ಇದ್ದಿರಬೇಕು.

ನಮ್ಮ ಆ ಫೈಲಿನ ಸಮಾಚಾರ ಹೇಳುವುದು ಬಾಕಿ. ಅದು ಈಗಲೂ ಉಂಟು. ಅಳಿಸುವ ಫಾರ್ಮು ತುಂಬಿಸಿ ಕೊಟ್ಟಿದ್ದೆ. ಡೇಟಾದ ಒಡೆಯರು ಯಾರೆಂದು ನಮೂದಿಸಿಲ್ಲ ಎಂದು ವಾಪಸು ಬಂತು. ಆಮೇಲೆ ತಪಾಸಣೆಗೆ ಬಂದವರು ಡೆವ್ ಒಳಗೆ ಒಂದು ವಾರಸುದಾರರಿಲ್ಲದ ಫೈಲು ಕಂಡು, ಅದಕ್ಕೆ ಹೊಣೆ ಯಾರೆಂದು ಕೇಳಿದರು. ಕಾಲಂ ಖಾಲಿ ಬಿಡುವಂತಿಲ್ಲ, ನನ್ನ ಹೆಸರು ಬರೆದರು. ಮುಖ್ಯವಾದ ಫೈಲೆಂದು ಪಟ್ಟಿಗೆ ಸೇರಿದ ಕಾರಣ ಈಗ ಪ್ರತಿ ರಾತ್ರಿ ಅದರ ಬ್ಯಾಕಪ್ಪೂ ಆಗುತ್ತದೆ. ಟೇಪಿಗೆ, ಸೊನ್ನೆ ಹಾಕಿ.