ವಾಹನಾಭಿಷೇಕ

2024ರ ಮಾರ್ಚ್, ಬಸವನಗುಡಿ. ರಾಯರ ಕೈಯಲ್ಲಿ ಪೈಪು.

"ರಾಯರೇ, ಕುಡಿಯೋ ನೀರಲ್ಲಿ ಕಾರು ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಹಾಕುತ್ತೆ."

"ತೊಳೀತಿಲ್ಲ ಸ್ವಾಮಿ, ಅಭಿಷೇಕ. ಹೊಸ ಗಾಡಿ."

(ಗಾಡಿಗೆ 11 ವರ್ಷ.)

"ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಹತ್ತಿಸಿದ ಕಾವೇರಿ!"

"ಅಷ್ಟು ದೂರದಿಂದ ಬಂದವಳನ್ನ ಬಕೆಟ್ಟಲ್ಲಿ ಕೂಡಿಹಾಕೋಕಾಗುತ್ತಾ?"

"ಮಂಡ್ಯದಲ್ಲಿ ಗದ್ದೆ ಒಣಗಿದೆ."

"ಅದಕ್ಕೇ ಅಲ್ವೇ, ತಮಿಳುನಾಡಿಗೆ ಹನಿ ನೀರೂ ಬಿಡಬೇಡಿ ಅಂತ ಹೋದ ಸೆಪ್ಟೆಂಬರ್ ಬಂದ್‌ನಲ್ಲಿ ಗಂಟಲು ಹರಕೊಂಡಿದ್ದು!"

"ಇಲ್ಲೇ ದೊಡ್ಡ ಬಸವಣ್ಣನ ಪಾದದಲ್ಲಿ ವೃಷಭಾವತಿ ನದಿ ಹುಟ್ಟಿದಳು ಅಂತಾರಲ್ಲ, ಅವಳ ಗತಿ?"

"ಅವಳಿಗೂ ಉಪಕಾರ ಮಾಡಿದ್ದೀವಿ. ಚಪ್ಪಡಿ ಹಾಸಿ ಮುಚ್ಚಿದೆವು, ಬಿಸಿಲಿಗೆ ಆವಿಯಾಗದ ಹಾಗೆ. ಸ್ವಲ್ಪ ಆಚೆ ಜರುಗಿ, ನಿಮ್ಮ ಪಂಚೆ ನೆನೆಯುತ್ತೆ."