ರನ್ನರ್ ಅಪ್ ಅಕ್ಕ

ದುರ್ಗದ ಸಂತೆಪೇಟೆಯಲ್ಲಿ ಟೊಮೆಟೊ ಚೌಕಾಸಿ ಮಾಡುವಾಗಲೂ ಎಡಗಾಲು ಅರ್ಧ ಹೆಜ್ಜೆ ಮುಂದಿಟ್ಟು, ಗದ್ದ ತುಸು ಮೇಲೆತ್ತಿ ನಿಂತವರು ಕಂಡರೆ ಅನುಮಾನವೇ ಬೇಡ, ಅವರೇ ರನ್ನರ್ ಅಪ್ ಅಕ್ಕ. ವಿವಾಹಿತೆಯರ ಸೌಂದರ್ಯ ಸ್ಪರ್ಧೆಯೊಂದರಲ್ಲಿ ಅವರಿಗೆ ಸೆಕೆಂಡ್ ರನ್ನರ್ ಅಪ್ ಬಂದಿದೆ. ಆ 'ಸೆಕೆಂಡ್' ಅನ್ನುವುದನ್ನು ಮಾತ್ರ ಬಲು ಮೆಲ್ಲಗೆ ಹೇಳುತ್ತಾರೆ.

ಜಡ್ಜುಗಳು ವೇದಿಕೆಯಲ್ಲಷ್ಟೇ ಅಲ್ಲ, ನೀವು ಇಡ್ಲಿ ತಿನ್ನುವಾಗಲೂ ನೋಡುತ್ತಿರುತ್ತಾರೆ ಎಂದು ಬೆಂಗಳೂರಿನ ಗ್ರೂಮಿಂಗ್ ಮೇಡಂ ಹೇಳಿಕೊಟ್ಟಿದ್ದರಂತೆ. ಸ್ಪರ್ಧೆ ಮುಗಿಯಿತು. ಇನ್ನು ಯಾರೂ ನೋಡುತ್ತಿಲ್ಲ ಎಂದು ಅಕ್ಕನಿಗೆ ಯಾರೂ ಹೇಳಲಿಲ್ಲ. ಹಾಗಾಗಿ ಗ್ಯಾಸ್ ಸಿಲಿಂಡರ್ ತರುವವನಿಗೂ ಹದಿನಾರು ಹಲ್ಲಿನ ಅದೇ ನಗು. ಹೊಳಲ್ಕೆರೆ ಬಸ್ಸಿನ ಕಂಡಕ್ಟರಿಗೂ ಮೊಣಕೈ ಅಲುಗಿಸದೆ ಅಂಗೈಯಷ್ಟೇ ತಿರುಗಿಸುವ ಟಾಟಾ. ಪಾಪ, ಆತ ಅದನ್ನು ನೋಡಿ ಬಸ್ ನಿಲ್ಲಿಸುತ್ತಾನೆ.

1996ರ ನವೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಅಕ್ಕ ಹೊಸದುರ್ಗದ ಕಡೆಯ ಹಳ್ಳಿಯಲ್ಲಿ ಲಂಗ ಹಾಕುವ ಹುಡುಗಿ. ಪ್ರತಿಭಟನೆ ಜೋರಾಗಿ ಈಜುಡುಗೆ ಸುತ್ತನ್ನು ಸೆಶೆಲ್ಸ್ ದ್ವೀಪಕ್ಕೆ ಸಾಗಿಸಿದರೂ ಅಪ್ಪನಿಗೆ ಸಮಾಧಾನವಿಲ್ಲ, ಟಿವಿ ಆರಿಸಿಬಿಟ್ಟರು. ಗೆದ್ದವಳು ಗ್ರೀಸಿನ ಐರೀನ್ ಸ್ಕ್ಲಿವಾ ಎಂದು ಪೇಪರು ನೋಡಿಯೇ ತಿಳಿದದ್ದು. ಆಗ ಈ ಹುಡುಗಿಯ ದಿನಚರಿ ಬೋರಿನಿಂದ ತಲೆ ಮೇಲೊಂದು, ಸೊಂಟದ ಮೇಲೊಂದು ಬಿಂದಿಗೆ ನೀರು ತರುವುದು. ಎಷ್ಟೋ ವರ್ಷದ ಮೇಲೆ ಗ್ರೂಮಿಂಗ್ ಮೇಡಂ ತಲೆ ಮೇಲೆ ಪುಸ್ತಕವಿಟ್ಟು "ನಡೀರಿ" ಎಂದರಲ್ಲ, ಮಿಕ್ಕವರ ಪುಸ್ತಕಗಳು ದಬದಬ ಉದುರಿದವು. ಅಕ್ಕ ಪುಸ್ತಕ ಹೊತ್ತೇ ಹೋಗಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರು. ಅಂದೇ ಕಿರೀಟ ಕೊಟ್ಟು ಕಳಿಸಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆಟ್ಟದ್ದು ಮುಂದೆ. ವೇಷಭೂಷಣದ ಸುತ್ತಿನಲ್ಲಿ ದುರ್ಗದವರು ಇನ್ನೇನಾದಾರು? ಒನಕೆ ಓಬವ್ವ. ಥರ್ಮಾಕೋಲಿನ ಒನಕೆಗೆ ಕಂದು ಬಣ್ಣ. ಪ್ರಶ್ನೋತ್ತರದಲ್ಲಿ ನಿಮಗೆ ಸ್ಫೂರ್ತಿ ಯಾರೆಂದರೆ "ಓಬವ್ವ". ಚಪ್ಪಾಳೆ. ಬಿಡುವಿನಲ್ಲಿ ಏನು ಮಾಡುತ್ತೀರಿ? ಬಾಯಿಪಾಠದ ಭರಕ್ಕೆ ಅದಕ್ಕೂ "ಓಬವ್ವ" ಎಂದುಬಿಟ್ಟರು.

ಈಗ ಮುಂದಿನ ವರ್ಷದ ಸ್ಪರ್ಧೆಗೆ ತಯಾರಿ. ಮಧ್ಯಾಹ್ನ ಎರಡಾದರೂ ಅಕ್ಕ ಹಾಲಿನಲ್ಲಿ ಹೈ ಹೀಲ್ಸ್ ಮೇಲೆ ಓಡಾಡುತ್ತಿದ್ದುದನ್ನು ಕಂಡು ಗಂಡ ಗೊಣಗಿದರು: "ಆ ಓಬವ್ವ ಮೊದಲು ಗಂಡಂಗೆ ಊಟಕ್ಕಿಕ್ಕಿ, ನೀರು ತರಕ್ಕೆ ಹೋಗಿ, ಆಮೇಲೆ ಒನಕೆ ಹಿಡಿದಿದ್ದು."

ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಅವ್ನು ಕೋಟೆ ಕಾಯೋನು ಕಣ್ಲಾ. ನೀನೇನ್ ಕಾಯ್ತೀಯ, ಮೊಬೈಲಾ?"