ಎರಡನೇ ತೋಳು

ಕೈಯಲ್ಲಿ ಹೆಣೆಯುವ ಸ್ವೆಟರಿಗೆ ಸಾಮಾನ್ಯವಾಗಿ ನಾಲ್ಕು ಭಾಗ: ಬೆನ್ನು, ಎದೆ, ಎರಡು ತೋಳು. ಬೆನ್ನು ಬೇಗ ಮುಗಿಯುತ್ತದೆ, ಆಗಿನ್ನೂ ಉತ್ಸಾಹ ಬಿಸಿಯಾಗಿರುತ್ತದೆ. ಎದೆಯೂ ಮುಗಿಯುತ್ತದೆ, ಡಿಸೈನ್ ಇರುವುದೇ ಅಲ್ಲಿ, ಬಂದವರು ಹೊಗಳುವುದೂ ಅದನ್ನೇ. ಮೊದಲ ತೋಳು ಹೇಗೋ ದಡ ಸೇರುತ್ತದೆ. ಬೀರುವಿನ ಮೇಲೆ, ಅಟ್ಟದಲ್ಲಿ, ಮಂಚದ ಕೆಳಗಿನ ಹಳೆಯ ಸೂಟ್‌ಕೇಸಿನಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತ ಮಲಗಿರುವ ಸ್ವೆಟರುಗಳನ್ನು ಬಿಡಿಸಿ ನೋಡಿದರೆ ಬಹುಪಾಲು ಇಲ್ಲದ್ದು ಒಂದೇ: ಎರಡನೇ ತೋಳು.

ಆ ತೋಳಿನಲ್ಲಿ ಕಲಿಯುವುದೇನೂ ಇಲ್ಲ. ಕಷ್ಟ ಇರುವುದೇ ಅಲ್ಲಿ. ಮೊದಲನೆಯದನ್ನು ಹೆಣೆಯುವಾಗ ಎಲ್ಲಿ ಹೆಚ್ಚಿಸಬೇಕು, ಎಲ್ಲಿ ಇಳಿಸಬೇಕು ಎಂಬ ಕುತೂಹಲವಾದರೂ ಇತ್ತು. ಎರಡನೆಯದರಲ್ಲಿ ಗೊತ್ತಿದ್ದ ಕಥೆಯನ್ನೇ ಮತ್ತೆ ಹೇಳಬೇಕು, ಅದೂ ಅಕ್ಷರ ತಪ್ಪದೆ. ಚಳಿದೇಶದವರು ಕಾಲುಚೀಲದ ವಿಷಯದಲ್ಲಿ ಈ ರೋಗಕ್ಕೆ ‘ಸೆಕೆಂಡ್ ಸಾಕ್ ಸಿಂಡ್ರೋಮ್’ ಎಂದು ಹೆಸರಿಟ್ಟು, ಮದ್ದನ್ನೂ ಕಂಡುಕೊಂಡಿದ್ದಾರೆ. ಉದ್ದನೆಯ ವೈರಿನಿಂದ ಜೋಡಿಸಿದ ಒಂದೇ ಜೊತೆ ಕಡ್ಡಿಯ ಮೇಲೆ ಎರಡೂ ಕಾಲುಚೀಲಗಳನ್ನು ಒಟ್ಟಿಗೇ ಹೆಣೆಯುತ್ತ ಹೋಗುವುದು. ಇದರಿಂದ ನಿಜವಾಗಿ ಒಂದು ಅನುಕೂಲವಿದೆ: ಬಿಟ್ಟರೆ ಎರಡೂ ಒಂದೇ ಅಳತೆಗೆ ನಿಂತಿರುತ್ತವೆ.

ನಮ್ಮ ಕಡೆ ಪಂಚಾಂಗದ ಕೈವಾಡವೂ ಉಂಟು. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನವರಿಗೆ ಉಲ್ಲನ್ ನೆನಪಾಗುವುದು ಕಾರ್ತಿಕ ಕಳೆದು ತುಟಿ ಒಡೆಯತೊಡಗಿದ ಮೇಲೆ. ಉಂಡೆ ತಂದು, ಕಳೆದುಹೋದ ಕಡ್ಡಿ ಹುಡುಕಿ, ಪಕ್ಕದ ಮನೆಯ ಆಂಟಿಯಿಂದ ಡಿಸೈನ್ ಬರೆಸಿಕೊಂಡು ಮೊದಲ ಸಾಲಿನ ಕುಣಿಕೆ ಹಾಕುವಷ್ಟರಲ್ಲಿ ಧನುರ್ಮಾಸ. ಕತ್ತು ಇಳಿಸುವಾಗ ಸಂಕ್ರಾಂತಿ. ರಥಸಪ್ತಮಿಗೆ ಬಿಸಿಲು ಏರಿತೆಂದರೆ ಮಡಿಲ ಮೇಲೆ ಉಲ್ಲನ್ ಇಟ್ಟುಕೊಂಡು ಕೂರುವುದು ಒಂದು ಶಿಕ್ಷೆ. “ಮಳೆಗಾಲಕ್ಕೆ ನೋಡೋಣ” ಎಂದು ಮಡಿಸಿಟ್ಟದ್ದನ್ನು ಮುಂದಿನ ಮಾರ್ಗಶಿರದಲ್ಲಿ ತೆಗೆದರೆ ಸ್ವೆಟರ್ ಇದ್ದಷ್ಟೇ ಇದೆ, ಮಗು ಮಾತ್ರ ಅಳತೆ ಮೀರಿ ಹೋಗಿದೆ. “ತಮ್ಮನಿಗೆ ಆಗುತ್ತೆ ಬಿಡಿ” ಎಂದು ಅತ್ತೆ ಸಮಾಧಾನ ಹೇಳುತ್ತಾರೆ. ತಮ್ಮ ಇನ್ನೂ ಹುಟ್ಟಿಲ್ಲ ಎಂಬುದನ್ನು ಸೊಸೆ ಹೇಳುವುದಿಲ್ಲ. ಹೇಳಿದರೆ ಮಾತು ಸ್ವೆಟರಿನಿಂದ ಬೇರೆ ಕಡೆಗೆ ಹೋಗುತ್ತದೆ.

ಹೀಗೆ ವರ್ಷ ಕಳೆದು ಕೈಗೆತ್ತಿಕೊಂಡರೂ ವಿಘ್ನ ತಪ್ಪದು. ಉಲ್ಲನ್ ಉಂಡೆಗೆ ಸುತ್ತಿದ ಕಾಗದದ ಪಟ್ಟಿಯ ಮೇಲೆ ಬಣ್ಣದ ನಂಬರಿನ ಜತೆಗೆ ಇನ್ನೊಂದು ನಂಬರ್ ಇರುತ್ತದೆ: ಡೈ ಲಾಟ್. ಒಂದೇ ಸಲಕ್ಕೆ ಬಣ್ಣದಲ್ಲಿ ಅದ್ದಿದ ನೂಲಿಗೆಲ್ಲ ಅದು ಒಂದೇ. ಮುಂದಿನ ಅದ್ದಿಕೆಯಲ್ಲಿ ಬಣ್ಣದ ಹೆಸರು ಬದಲಾಗದಿದ್ದರೂ ಛಾಯೆ ಕೊಂಚ ಆಚೀಚೆ ಆಗುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಡಿ ಅದು ಗೊತ್ತಾಗುವುದಿಲ್ಲ. ಅರ್ಧ ತೋಳು ಹೆಣೆದು ಜಗಲಿಗೆ ಬಂದಾಗ ಗೊತ್ತಾಗುತ್ತದೆ. ಹಳೆಯ ಲಾಟ್ ನಂಬರ್ ಹೇಳಿ ಕೇಳೋಣವೆಂದರೆ ಆ ಪಟ್ಟಿ ಮೊದಲ ದಿನವೇ ಕಸದ ಬುಟ್ಟಿ ಸೇರಿದೆ. ಸಾಲದ್ದಕ್ಕೆ ಕೈಯ ಬಿಗಿಯೂ ಬದಲಾಗಿರುತ್ತದೆ. ಅದೇ ಕಡ್ಡಿ, ಅಷ್ಟೇ ಕುಣಿಕೆ, ಆದರೂ ಹೋದ ವರ್ಷದ ತೋಳು ಸಡಿಲ, ಈ ವರ್ಷದ್ದು ಬಿಗಿ. ಹೋದ ವರ್ಷ ಧಾರಾವಾಹಿ ನೋಡುತ್ತ ಹೆಣೆದದ್ದು, ಈ ವರ್ಷ ಮಗನ ಪರೀಕ್ಷೆಯ ಯೋಚನೆಯಲ್ಲಿ ಹೆಣೆದದ್ದು ಎಂದು ತಿಳಿದವರು ತೋಳು ಮುಟ್ಟಿಯೇ ಹೇಳಬಲ್ಲರು.

ಆ ಸೂಟ್‌ಕೇಸಿನಲ್ಲಿ ಸ್ವೆಟರಿಗೆ ಜೊತೆಗಾರರೂ ಇದ್ದಾರೆ. ತಳ ಮುಗಿದು ಗೋಡೆ ಏಳದ ವೈರ್ ಬುಟ್ಟಿ. ಬಾಗಿಲಿನ ಅರ್ಧಕ್ಕೆ ಮಾತ್ರ ಸಾಲುವ ಮಣಿ ತೋರಣ. ಮ್ಯಾಟಿ ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್ಚಿನ ರಾಧಾಕೃಷ್ಣ: ಕೃಷ್ಣನಿಗೆ ಕೊಳಲು, ನವಿಲುಗರಿ ಎಲ್ಲ ಬಂದಿದೆ, ರಾಧೆಗೆ ಬರೀ ಮೂಗು. ಮದುವೆಯಾದ ಹೊಸತರಲ್ಲಿ ಶುರುವಾಗಿ ‘ಸುಸ್ವಾಗ’ ಎಂಬಲ್ಲಿಗೆ ನಿಂತ ಗೋಡೆಪಟ. 2020ರ ಲಾಕ್‌ಡೌನಿನಲ್ಲಿ ಮೊಬೈಲ್ ನೋಡಿ ಕಲಿತ ಕ್ರೋಷಾದ ಗುಂಡನೆಯ ಟೇಬಲ್ ಕ್ಲಾತ್, ಅದು ಸದ್ಯ ಲೋಟದ ಕೆಳಗಿಡುವಷ್ಟು ಅಗಲವಿದೆ. ಇದನ್ನೆಲ್ಲ ನೋಡಿ ನಗುವ ಯಜಮಾನರ ಟೀಪಾಯಿ ಒಂದು ಕಡೆ ಮಾತ್ರ ಪಾಲಿಷ್ ಕಂಡು ಗೋಡೆಗೆ ಮುಖ ತಿರುಗಿಸಿ ನಿಂತಿದೆ ಎಂಬುದನ್ನೂ ದಾಖಲಿಸಬೇಕು.

ಸೋಮಾರಿತನ ಎಂದು ಇದಕ್ಕೆ ಹೆಸರಿಡುವವರು ಒಂದು ಸಂಗತಿ ಮರೆಯುತ್ತಾರೆ. ಹೆಣೆಯುವುದು ಬೇರೆ, ಮುಗಿಸುವುದು ಬೇರೆ. ಎರಡೂ ಒಂದೇ ಕೆಲಸವಲ್ಲ. ನಾಲ್ಕೂ ಭಾಗ ಕೈಗೆ ಬಂದ ಮೇಲೆ ಭುಜ ಕೂಡಿಸಬೇಕು, ತೋಳು ಕೂರಿಸಬೇಕು, ಪಕ್ಕೆ ಹೊಲಿಯಬೇಕು, ಕತ್ತಿನ ಸುತ್ತ ಹೊಸದಾಗಿ ಕುಣಿಕೆ ಎತ್ತಿ ಪಟ್ಟಿ ಹೆಣೆಯಬೇಕು, ಉಂಡೆ ಬದಲಾಯಿಸಿದಲ್ಲೆಲ್ಲ ನೇತಾಡುವ ದಾರದ ತುದಿಗಳನ್ನು ದಪ್ಪ ಸೂಜಿಯಿಂದ ಒಳಗೆ ಹುದುಗಿಸಬೇಕು, ಕೊನೆಗೆ ಒದ್ದೆ ಮಾಡಿ ಅಳತೆಗೆ ಎಳೆದು ಒಣಗಿಸಬೇಕು. ಟೀವಿ ನೋಡುತ್ತ, ಹರಟೆ ಹೊಡೆಯುತ್ತ ಕೈ ತಾನಾಗಿ ಓಡುವ ಸುಖ ಇದರಲ್ಲಿ ಇಲ್ಲ. ಬೆಳಕು ಬೇಕು, ಕನ್ನಡಕ ಬೇಕು, ಬಾಯಿ ಮುಚ್ಚಿ ಕೂರಬೇಕು. ಬೇರೆಯೇ ಕಸುಬು ಇದು, ಇದನ್ನು ಯಾರೂ ಪ್ರೀತಿಯಿಂದ ಕಲಿಸಿರುವುದಿಲ್ಲ.

ಬ್ರಿಟನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಜಿಮ್ಮರ್‌ಮನ್ ಇದರ ಬೇರಿಗೇ ಕೈ ಹಾಕಿದಾಕೆ. 1971ರಲ್ಲಿ ಬಂದ ಆಕೆಯ ‘ನಿಟಿಂಗ್ ವಿದೌಟ್ ಟಿಯರ್ಸ್’ ಪುಸ್ತಕದಲ್ಲಿ ಸ್ವೆಟರನ್ನು ಬಿಡಿಬಿಡಿಯಾಗಿ ಹೆಣೆಯುವ ಬದಲು ಕೊಳವೆಯಾಗಿ ಸುತ್ತ ಹೆಣೆದು, ತೋಳಿನ ಕೊಳವೆಗಳನ್ನು ಕಂಕುಳ ಬಳಿ ಸೇರಿಸಿಕೊಂಡು ಕತ್ತಿನವರೆಗೆ ಒಟ್ಟಿಗೇ ಹೋಗುವ ದಾರಿಯಿದೆ. ಹೊಲಿಗೆಯ ಕೆಲಸ ಹೆಚ್ಚುಕಡಿಮೆ ಮಾಯ. ಆದರೆ ಅದರಲ್ಲೂ ತೋಳು ಎರಡೇ. ಆ ಸಂಖ್ಯೆಯನ್ನು ಆಕೆಗೂ ಇಳಿಸಲಾಗಲಿಲ್ಲ.

ತಲೆಮಾರುಗಳಿಂದ ನಡೆದುಬಂದ ಕೈಕೆಲಸಗಳು ಈ ಗಂಡಾಂತರವನ್ನು ಮೊದಲೇ ಊಹಿಸಿದ್ದವು. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಜಾಗ ಬಿಡುತ್ತ ಹೋಗುತ್ತದೆ. ಅದೇ ದಾರಿಯಲ್ಲಿ ಹಿಂದಿರುಗುತ್ತ ಬಿಟ್ಟ ಜಾಗ ತುಂಬುತ್ತ ಬರುತ್ತದೆ. ಗಂಟು ಹಾಕುವಂತಿಲ್ಲ, ಎಳೆ ಎಣಿಸಿಯೇ ಹೊಲಿಯಬೇಕು, ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ಹೋದವಳು ತಿರುಗಿ ಬರಲೇಬೇಕು, ಬಾರದಿದ್ದರೆ ಹೊಲಿದ ಗೋಪುರವೆಲ್ಲ ಬರೀ ತುಂಡುಗೆರೆ. ಶುರು ಮಾಡಿದ ಜಾಗಕ್ಕೇ ಮರಳಿದಾಗ ಕೆಲಸ ಮುಗಿದಿರುತ್ತದೆ. ‘ಫಿನಿಷಿಂಗ್’ ಎಂಬ ಬೇರೆ ಪೀಡೆಯೇ ಇಲ್ಲ.

ಇಳಕಲ್ಲಿನ ನೇಕಾರರದು ಇನ್ನೂ ಜಾಣತನ. ಅಲ್ಲಿ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿಗೆ ಕೊಂಡಿ ಸಿಕ್ಕಿಸಿ ಕೂಡಿಸುವುದಕ್ಕೆ ತೋಪ ತೆನಿ ಎನ್ನುತ್ತಾರೆ. ಕಣ್ಣು ಸೋಲಿಸುವ ಈ ಜೋಡಣೆಯನ್ನು ಕೊನೆಗೆ ಇಟ್ಟುಕೊಳ್ಳದೆ ಹಾಸು ಸಿದ್ಧಪಡಿಸುವಾಗಲೇ ತೀರಿಸಿಬಿಡುತ್ತಾರೆ. ಸ್ವೆಟರನ್ನು ಇಳಕಲ್ಲಿನವರು ಕಂಡುಹಿಡಿದಿದ್ದರೆ ತೋಳು ಜೋಡಿಸಿದ ಮೇಲೆಯೇ ಹೆಣೆಯಲು ಬಿಡುತ್ತಿದ್ದರೇನೋ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ಎಂಬ ಕೌದಿಗೆ ಮರ್ಯಾದೆಯ ಕಾವಲಿದೆ. ಹಳೆಯ ಸೀರೆಯ ಮೇಲೆ ಬಣ್ಣದ ತುಂಡುಗಳನ್ನಿಟ್ಟು ಒಂದು ಮೂಲೆಯಿಂದ ಹಿಡಿದು ಅಂಚಿನ ಸುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ. ಆದರೆ ಅಲ್ಲಿಗೆ ಮುಗಿಯಿತು ಎನ್ನುವಂತಿಲ್ಲ. ನಾಲ್ಕೂ ಮೂಲೆಗೆ ಮಡಿಚಿದ ಬಟ್ಟೆಯ ‘ಫುಲ’, ಅಂದರೆ ಹೂವು, ಬೀಳಬೇಕು. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಕೆಲಸ ಬಾಕಿ ಇದೆ ಎಂದರೆ ನಾಳೆಗೆ ಹಾಕಬಹುದು; ಬತ್ತಲೆ ಎಂದ ಮೇಲೆ ಯಾರು ತಾನೆ ನಾಳೆಯವರೆಗೆ ಬಿಟ್ಟಾರು?

ಇನ್ನು ಕೆಲವು ಕೈಕೆಲಸಗಳು ತಾರೀಖಿನ ಭಯಕ್ಕೆ ಮುಗಿಯುತ್ತವೆ. ಗೌರಿ ಹಬ್ಬದ ಗೆಜ್ಜೆವಸ್ತ್ರ ಅರ್ಧಕ್ಕೆ ನಿಂತ ಉದಾಹರಣೆ ಹುಡುಕಿದರೂ ಸಿಗದು. ಭಾದ್ರಪದದ ತದಿಗೆ ಯಾರಿಗೂ ಕಾಯುವುದಿಲ್ಲ. ಹಿಂದಿನ ರಾತ್ರಿ ಮನೆಮಂದಿಯೆಲ್ಲ ಹತ್ತಿ ಹಿಡಿದು ಕೂತಾದರೂ ಸರಿ, ಬೆಳಗ್ಗೆ ಗೌರಮ್ಮನ ಕೊರಳಿಗೆ ಅದು ಬಿದ್ದೇ ಬೀಳುತ್ತದೆ. ಲಕ್ಷ ಬತ್ತಿಯ ಹರಕೆ ಹೊತ್ತವರು ಒಂದು ಲಕ್ಷ ಬತ್ತಿ ಹೊಸೆಯುತ್ತಾರೆ. ಒಂದು ತೋಳಿಗಿಂತ ಅದು ಎಷ್ಟೋ ಪಾಲು ದೊಡ್ಡ ಲೆಕ್ಕ, ಆದರೂ ಮುಗಿಯುತ್ತದೆ, ಎಣಿಸಿಕೊಳ್ಳುವವನು ದೇವರಾದ್ದರಿಂದ. ತೊಟ್ಟಿಲಿಗೆ ಹಾಕುವ ದಿನಕ್ಕೆ ಕುಲಾವಿ, ಕುಂಚಿಗೆ ಸಿದ್ಧವಾಗುತ್ತವೆ. ಊರೆಲ್ಲ ಬರುವ ದಿನ ಮಗು ಬರಿತಲೆಯಲ್ಲಿ ಮಲಗಿದರೆ ತವರಿನ ಮಾನ ಏನಾದೀತು? ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ಮಾಡುವವರಿಗೆ ಆಗಸ್ಟ್ 15 ಇದೆ. ಸ್ವೆಟರಿಗೆ ಹಬ್ಬವಿಲ್ಲ, ಹರಕೆಯಿಲ್ಲ, ಮುಹೂರ್ತವಿಲ್ಲ.

ಗಡುವು ಬಂದರೂ ತಪ್ಪಿಸಿಕೊಂಡವಳು ಪೆನೆಲೊಪಿ ಒಬ್ಬಳೇ. ಹೋಮರನ ‘ಒಡಿಸ್ಸಿ’ಯಲ್ಲಿ ಗಂಡ ಊರಿಗೆ ಮರಳದಿದ್ದಾಗ ಮದುವೆಯಾಗು ಎಂದು ಕಾಡುವವರಿಗೆ ಆಕೆ, ಮಾವ ಲೇರ್ಟೀಸನ ಶವವಸ್ತ್ರ ನೇಯ್ದು ಮುಗಿಸಿದ ಮೇಲೆ ನೋಡೋಣ ಎನ್ನುತ್ತಾಳೆ, ಹಗಲು ನೇಯ್ದದ್ದನ್ನು ರಾತ್ರಿ ಬಿಚ್ಚುತ್ತಾಳೆ. ಮೂರು ವರ್ಷ ಯಾರಿಗೂ ಅನುಮಾನ ಬರಲಿಲ್ಲ. ನಾಲ್ಕನೆಯ ವರ್ಷ ಮನೆಯ ದಾಸಿ ಗುಟ್ಟು ಬಿಟ್ಟುಕೊಟ್ಟಾಗ ವಿಧಿಯಿಲ್ಲದೆ ಮುಗಿಸಿದಳು. ಮನೆಗೆಲಸದವರ ಎದುರು ಸೂಟ್‌ಕೇಸ್ ತೆಗೆಯಬಾರದೆಂದು ನಮ್ಮ ಗೃಹಿಣಿಯರು ಇದರಿಂದ ಕಲಿಯಬಹುದಿತ್ತು. “ಅಮ್ಮಾ, ಇದು ಹೋದ ದೀಪಾವಳೀಲೂ ಹಿಂಗೇ ಇತ್ತಲ್ಲ” ಎಂಬ ಮಾತು ಕೇಳುವುದು ಅವರ ಬಾಯಲ್ಲೇ.

ಮುಗಿಸಲು ಆಗದಿದ್ದರೆ ಮುಗಿಸುವವರನ್ನು ಹಿಡಿಯುವುದು ಇನ್ನೊಂದು ದಾರಿ. ಮಗ್ಗದಿಂದ ಇಳಿದ ರೇಷ್ಮೆ ಸೀರೆಗೂ ಸೆರಗಿನ ತುದಿಯಲ್ಲಿ ಹಾಸಿನ ಎಳೆಗಳು ಕೆದರಿಕೊಂಡೇ ಇರುತ್ತವೆ. ಅದನ್ನು ನೇಕಾರರ ತಲೆಗೂ ಉಟ್ಟವರ ತಲೆಗೂ ಕಟ್ಟದೆ ಬೆಂಗಳೂರಿನ ಬೀದಿ ಬೀದಿಯಲ್ಲಿ ‘ಫಾಲ್, ಜಿಗ್‌ಜಾಗ್, ಸೀರೆ ಕುಚ್ಚು’ ಎಂಬ ಬೋರ್ಡು ನೇತುಹಾಕಲಾಗಿದೆ. ಬರೀ ಕೊನೆಯ ಕೆಲಸದಿಂದಲೇ ಹಲವು ಮನೆಗಳು ನಡೆಯುತ್ತವೆ. ‘ಇಲ್ಲಿ ಸ್ವೆಟರ್ ತೋಳು ಜೋಡಿಸಿಕೊಡಲಾಗುವುದು’ ಎಂಬ ಬೋರ್ಡು ಮಾತ್ರ ಯಾರೂ ಹಾಕಿಲ್ಲ. ಹಾಕಿದರೆ ಸಾಲು ರಸ್ತೆಗೆ ಬರುತ್ತದೆ.

ಅಮೆರಿಕದಲ್ಲಿ ಹೆಚ್ಚುಕಡಿಮೆ ಅಂಥದ್ದೇ ಒಂದು ಬೋರ್ಡು ಬಿದ್ದಿದೆ. ಮೇಸಿ ಕ್ಯಾಪ್ಲನ್ ಮತ್ತು ಜೆನಿಫರ್ ಸಿಮೊನಿಕ್ ಎಂಬ ಗೆಳತಿಯರು 2022ರಲ್ಲಿ ‘ಲೂಸ್ ಎಂಡ್ಸ್’ ಶುರು ಮಾಡಿದರು. ತೀರಿಕೊಂಡವರು, ಇಲ್ಲವೇ ಕೈಲಾಗದೆ ಹೋದವರು ಅರ್ಧಕ್ಕೆ ಬಿಟ್ಟ ಹೆಣಿಗೆ, ಕಸೂತಿ, ಕೌದಿಗಳನ್ನು ಮನೆಯವರು ಒಪ್ಪಿಸುತ್ತಾರೆ. ಆ ಕಸುಬು ಬಲ್ಲ ಅಪರಿಚಿತರು ದುಡ್ಡು ತೆಗೆದುಕೊಳ್ಳದೆ ಮುಗಿಸಿಕೊಡುತ್ತಾರೆ. ಕೈಕಾಲು ಗಟ್ಟಿಯಿರುವವರ ಸ್ವೆಟರನ್ನೂ ಹೀಗೆ ಒಪ್ಪಿಸಬಹುದಿದ್ದರೆ ಎಂದು ಆಸೆಪಡುವವರು ಬಹಳ ಮಂದಿ.

ಇನ್ನೊಬ್ಬರ ಬಾಕಿ ತೀರಿಸಿದ ಅತಿ ದೊಡ್ಡ ಪ್ರಕರಣ ಬೇಯೂ ಪಟದ್ದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಕಥೆಯನ್ನು ಉಲ್ಲನ್ ದಾರದಲ್ಲಿ ಕಸೂತಿ ಮಾಡಿದ, 70 ಮೀಟರಿನಷ್ಟು ಉದ್ದದ ಈ ಬಟ್ಟೆಗೆ ಕೊನೆಯ ಭಾಗವಿಲ್ಲ. ಸೈನಿಕರು ಓಡುತ್ತಿರುವಾಗಲೇ ನಿಂತುಹೋಗುತ್ತದೆ. ಇಂಗ್ಲಿಷ್ ಕಾಲುವೆಯ ಪುಟ್ಟ ದ್ವೀಪ ಆಲ್ಡರ್ನಿಯ ಜನ ಸೇರಿ, ಗೆದ್ದ ದೊರೆ ವಿಲಿಯಮ್ಮನ ಪಟ್ಟಾಭಿಷೇಕದವರೆಗಿನ ದೃಶ್ಯಗಳನ್ನು ಅದೇ ಶೈಲಿಯಲ್ಲಿ ಹೊಲಿದು 2013ರಲ್ಲಿ ಮುಗಿಸಿದರು. ಒಂಬೈನೂರು ವರ್ಷ ದಾಟಿದ ಬಾಕಿ! ಇದನ್ನು ಕೇಳಿಸಿಕೊಂಡ ಮೇಲೆ ‘ಸುಸ್ವಾಗ’ದ ಒಡತಿಗೆ ‘ತ’ ಅಕ್ಷರಕ್ಕೆ ಅವಸರವೇನೂ ಕಾಣುವುದಿಲ್ಲ.

ಮುಗಿಸಿದರೆ ಲಾಭವಿದೆ ಎಂಬುದಕ್ಕೆ ವಿಜ್ಞಾನದ ಸಾಕ್ಷಿಯೂ ಉಂಟು. ಮೈಕೆಲ್ ನಾರ್ಟನ್, ಡೇನಿಯಲ್ ಮೋಚನ್, ಡ್ಯಾನ್ ಏರಿಯಲಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಪೆಟ್ಟಿಗೆ ಜೋಡಿಸಲು, ಕಾಗದದ ಕೊಕ್ಕರೆ ಮಡಿಸಲು ಕೊಟ್ಟರು. ತಾವೇ ಮಾಡಿದ್ದಕ್ಕೆ ಜನ ಹೆಚ್ಚು ಬೆಲೆ ಕಟ್ಟಿದರು. ಆದರೆ ಕೆಲಸ ಅರ್ಧಕ್ಕೆ ನಿಂತಾಗ ಆ ಮೋಹ ಉಳಿಯಲಿಲ್ಲ. ಅಧ್ಯಯನ ಮಾಡಿದವರು ಕನ್ನಡದ ಅಜ್ಜಿಯರನ್ನು ಕೂರಿಸಿಕೊಂಡಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು. ನಮ್ಮಲ್ಲಿ ವಸ್ತುವನ್ನು ಮುಗಿಸಲಾಗದಿದ್ದರೆ ಅದರ ಹುದ್ದೆ ಇಳಿಸುವ ಪದ್ಧತಿಯಿದೆ. ಶಾಲಾಗಬೇಕಿದ್ದದ್ದು ಮಫ್ಲರ್ ಆಗುತ್ತದೆ, ಮಫ್ಲರಾಗದಿದ್ದರೆ ರೇಡಿಯೊ ಹೊದಿಕೆ, ಅದಕ್ಕೂ ಸಾಲದಿದ್ದರೆ ಮಿಕ್ಸಿಯ ಟೋಪಿ. ಒಂಟಿ ತೋಳು ಬಿಸಿನೀರಿನ ಬಾಟಲಿಗೆ ಅಂಗಿಯಾಗುತ್ತದೆ. ಎಲ್ಲೋ ಒಂದು ಕಡೆ ಅಳತೆ ಹೊಂದಿಯೇ ಹೊಂದುತ್ತದೆ. ಹೊಂದಿದ ಆ ಗಳಿಗೆಗೆ ಕೆಲಸ ಮುಗಿಯಿತು.

ಮೈಸೂರಿನ ಅಂಥದೊಂದು ಮನೆಗೆ ಬೇಸಗೆ ರಜಕ್ಕೆ ಬಂದ ಮೊಮ್ಮಗಳು ಸೂಟ್‌ಕೇಸಿನಿಂದ ನೀಲಿ ಕ್ರೋಷಾದ ಉದ್ದನೆಯ ಪಟ್ಟಿಯೊಂದನ್ನು ಎಳೆದು ತೆಗೆದು, “ಇದೇನಜ್ಜಿ?” ಎಂದಳು.

“ಹಾರ್ಮೋನಿಯಮ್ಮಿನ ಹೊದಿಕೆ ಕಣೇ.”

“ನಮ್ಮನೇಲಿ ಹಾರ್ಮೋನಿಯಮ್ಮೇ ಇಲ್ಲವಲ್ಲಜ್ಜಿ?”

“ಅದಕ್ಕೇ ಅರ್ಧಕ್ಕೆ ನಿಲ್ಲಿಸಿರೋದು. ನಿಮ್ಮ ತಾತ ತಂದ್ಕೊಟ್ಟ ದಿನ ಮಿಕ್ಕಿದ್ದು ಹಾಕ್ತೀನಿ.”

ಒಳಮನೆಯಲ್ಲಿ ಪೇಪರ್ ಓದುತ್ತಿದ್ದ ತಾತ ಕೆಮ್ಮಿ ಪುಟ ತಿರುಗಿಸಿದರು.